ಒಡವೆಯನ್ನು ಕೊಳ್ಳುವವರು ಯಾರು? — ಕುಟುಂಬ, ಅಂತಸ್ತು ಮತ್ತು ಚಿನ್ನದ ಚರಿತ್ರೆ

1963ನೆಯ ಇಸವಿಯ ಜನವರಿಯಲ್ಲಿ ಭಾರತ ಸರ್ಕಾರವು ಸ್ವರ್ಣ ನಿಯಂತ್ರಣ ನಿಯಮಗಳನ್ನು ಜಾರಿಗೆ ತಂದಿತು. ಹಿಂದಿನ ವರ್ಷದ ಕೊನೆಯಲ್ಲಿ ಚೀನದೊಡನೆ ನಡೆದ ಯುದ್ಧದಿಂದ ದೇಶದ ಬೊಕ್ಕಸವು ಬಳಲಿದ್ದಿತು. ವಿದೇಶೀ ವಿನಿಮಯಕ್ಕೆ ಕೊರತೆಯಿದ್ದಿತು. ಅದೇ ಹೊತ್ತಿನಲ್ಲಿ ಕೊಲ್ಲಿಯ ಬಂದರುಗಳಿಂದ ಮುಂಬಯಿಯ ಕರಾವಳಿಗೆ ಕಳ್ಳ ಚಿನ್ನವು ಎಡೆಬಿಡದೆ ಬರುತ್ತಿದ್ದಿತು. ಅಂದು ಅರ್ಥಸಚಿವರಾಗಿದ್ದ ಮೊರಾರ್ಜಿ ದೇಸಾಯಿಯವರು ಈ ರೋಗಕ್ಕೆ ಕಂಡುಕೊಂಡ ಮದ್ದು, 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧಿಯ ಒಡವೆಯನ್ನು ಹೊಸದಾಗಿ ಮಾಡಕೂಡದೆಂಬ ಕಟ್ಟಳೆ. ವಾಡಿಕೆಯ 22 ಕ್ಯಾರಟ್ಟಿನ ಒಡವೆಯಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನವಿದ್ದರೆ 14 ಕ್ಯಾರಟ್ಟಿನದರಲ್ಲಿ ಇರುವುದು ಸುಮಾರು 58 ಪಾಲು ಮಾತ್ರ. ಒಡವೆಯ ಹೊಳಪು ಹೇಗೂ ಉಳಿಯುವುದು, ಶೋಕಿಯೂ ತೀರುವುದು, ಚಿನ್ನದ ಖರ್ಚು ಮಾತ್ರ ಮೂರರಲ್ಲಿ ಒಂದು ಪಾಲಿಗೂ ಮಿಗಿಲಾಗಿ ಇಳಿಯುವುದು ಎಂಬುದು ಲೆಕ್ಕಾಚಾರವಾಗಿದ್ದಿತು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಜನರು ಆ ಚಿನ್ನವನ್ನು ಕೊಳ್ಳಲಿಲ್ಲ. ಮದುವೆಯ ಮನೆಗಳಲ್ಲಿ ಹಳೆಯ ಒಡವೆಗಳು ಕೈಯಿಂದ ಕೈಗೆ ಹೋದುವು; ಕದ್ದುಮುಚ್ಚಿ ಮಾಡಿಸಿದ 22 ಕ್ಯಾರಟ್ಟಿನ ಸರಗಳು ಅಜ್ಜಿಯ ಕಾಲದವೆಂಬ ಹೆಸರಿನಲ್ಲಿ ಹೊರಬಂದುವು. ಹೊಸ ಲೋಹದ ಬಣ್ಣ ಬೇರೆ, ಗಡಸುತನ ಬೇರೆ. ಒರೆಗಲ್ಲಿನ ಮೇಲೆ ಅದು ಎಳೆಯುವ ಗೆರೆಯೇ ಬೇರೆ. ಮೆತುವಾದ ಚಿನ್ನಕ್ಕೆ ಪಳಗಿದ್ದ ಅಕ್ಕಸಾಲಿಗನ ಕೈಗೆ ಅದು ಒಗ್ಗಲಿಲ್ಲ. ದೇಶದಾದ್ಯಂತ ಲಕ್ಷಾಂತರ ಚಿನಿವಾರರು ಕೆಲಸವಿಲ್ಲದೆ ಕುಳಿತರು. ಅವರಲ್ಲಿ ಕೆಲವರ ಆತ್ಮಹತ್ಯೆಯ ಸುದ್ದಿಗಳು ಪತ್ರಿಕೆಗಳಲ್ಲಿ ಬಂದು, ಸಂಸತ್ತಿನಲ್ಲಿಯೂ ಪ್ರಸ್ತಾಪವಾದುವು. ಕಟ್ಟಳೆಯನ್ನು ಹಂತಹಂತವಾಗಿ ಸಡಿಲಿಸಬೇಕಾಯಿತು. 1966ರಲ್ಲಿ 14 ಕ್ಯಾರಟ್ಟಿನ ನಿರ್ಬಂಧವನ್ನೇ ತೆಗೆದುಹಾಕಲಾಯಿತು.

ಈ ಸೋಲನ್ನು ಜನರ ಹಟಕ್ಕೋ ಅಜ್ಞಾನಕ್ಕೋ ಆರೋಪಿಸಿ ಸುಮ್ಮನಾಗುವುದು ಸುಲಭ. ಹಾಗೆ ಮಾಡಿದವರೂ ಉಂಟು. ಆದರೆ ಕಟ್ಟಳೆಯ ಬುಡದಲ್ಲಿಯೇ ಒಂದು ಊಹೆಯಿದ್ದಿತು: ಚಿನ್ನವನ್ನು ಕೊಳ್ಳುವವನು ಒಬ್ಬ ವ್ಯಕ್ತಿ, ಅವನು ತನ್ನ ಆಸೆಗಾಗಿ ಕೊಳ್ಳುತ್ತಾನೆ, ಬೇರೊಂದು ಸರಕನ್ನು ಮುಂದಿಟ್ಟರೆ ಆಸೆಯನ್ನು ಅತ್ತ ತಿರುಗಿಸಬಹುದು ಎಂಬ ಊಹೆ. ನಮ್ಮ ನಾಡಿನಲ್ಲಿ ಅಂಗಡಿಯ ಮೆಟ್ಟಿಲೇರುವವನು ಒಬ್ಬನಾದರೂ ಕೊಳ್ಳುವವರು ಹಲವರು. ಅವರಲ್ಲಿ ಕೆಲವರು ತೀರಿಹೋದವರು, ಕೆಲವರು ಇನ್ನೂ ಹುಟ್ಟದವರು. ಈ ಮಾತನ್ನು ಚರಿತ್ರೆಯ ಬೆಳಕಿನಲ್ಲಿ, ಮುಖ್ಯವಾಗಿ ಕನ್ನಡ ನಾಡಿನ ನಿದರ್ಶನಗಳಿಂದ, ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕುಟುಂಬದ ವೆಚ್ಚವನ್ನು ಶಾಸ್ತ್ರೀಯವಾಗಿ ವಿಚಾರಮಾಡಿದವರಲ್ಲಿ ಮೊದಲಿಗರ ಸಾಲಿಗೆ ಸೇರುವವನು ಜರ್ಮನಿಯ ಅರ್ನ್ಸ್ಟ್ ಎಂಗೆಲ್. ಸ್ಯಾಕ್ಸನಿಯ ಅಂಕಿಅಂಶ ಕಚೇರಿಯ ಮುಖ್ಯಸ್ಥನಾಗಿದ್ದ ಈತನು 1857ರಲ್ಲಿ ಬೆಲ್ಜಿಯಮ್ಮಿನ ಕೆಲಸಗಾರ ಕುಟುಂಬಗಳ ಜಮಾಖರ್ಚನ್ನು ಆಧಾರವಾಗಿಟ್ಟುಕೊಂಡು, ಕುಟುಂಬವು ಬಡವಾದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚುವುದೆಂದು ತೋರಿಸಿದನು. ಆ ನಿಯಮ ಇಂದಿಗೂ ನಿಂತಿದೆ. ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೇರೊಂದು ಮಾತನ್ನು ಹೇಳಿದನು. ಸಿರಿವಂತನು ವಸ್ತುಗಳನ್ನು ಉಪಯೋಗಕ್ಕಾಗಿ ಮಾತ್ರ ಕೊಳ್ಳುವುದಿಲ್ಲ, ತನ್ನ ಅಂತಸ್ತನ್ನು ತೋರ್ಪಡಿಸುವುದಕ್ಕಾಗಿ ಕೊಳ್ಳುತ್ತಾನೆ. ಅವನ ಹೆಂಡತಿ ಉಟ್ಟು ತೊಡುವುದು ಅವನ ಪರವಾಗಿ, ಅವನ ಹಿರಿಮೆಯ ಜಾಹೀರಾತಾಗಿ ಎಂಬುದು ಅವನ ಅಭಿಪ್ರಾಯ. ನಮ್ಮ ಮದುವೆಯ ಚಪ್ಪರದಲ್ಲಿ ಒಮ್ಮೆ ಸುತ್ತಾಡಿದವರಿಗೆ ವೆಬ್ಲೆನ್ನನ ಮಾತು ಒಪ್ಪಿಗೆಯಾಗದೆ ಇರದು. ಆದರೆ ಅವನ ಸಿದ್ಧಾಂತವು ನಮ್ಮ ಹೊಸಿಲಿನ ಆಚೆಯೇ ನಿಂತುಬಿಡುತ್ತದೆ. ನಮ್ಮಲ್ಲಿ ಹೆಂಡತಿಯ ಮೈಮೇಲಿನ ಒಡವೆಯು, ಶಾಸ್ತ್ರದ ಪ್ರಕಾರವಾದರೂ, ಗಂಡನದಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟ ಸರಕು ಆ ಪೆಟ್ಟಿಗೆಯ ಸ್ವತ್ತೇ ಆಗಿಬಿಟ್ಟರೆ ಹೇಗೋ ಹಾಗೆ!

ಚಿನ್ನದ ಮೇಲೆ ಭಾರತೀಯರಿಗಿರುವ ಮೋಹ ಹೊರಗಿನವರ ಕಣ್ಣಿಗೆ ಬಿದ್ದು ಎರಡು ಸಾವಿರ ವರ್ಷಗಳಾದುವು. ಭಾರತವು ರೋಮ್ ಸಾಮ್ರಾಜ್ಯದಿಂದ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸುಗಳನ್ನು ಹೀರಿಕೊಳ್ಳುತ್ತಿದೆಯೆಂದು ಹಿರಿಯ ಪ್ಲಿನಿಯು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ದೂರಿದ್ದನು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು, ಅಲ್ಲಿಯ ಜನರು ಮೇಲುಕೀಳೆನ್ನದೆ, ಪೇಟೆಯ ಕುಶಲಕರ್ಮಿಗಳವರೆಗೂ, ಕಿವಿ ಕೊರಳು ತೋಳು ಬೆರಳುಗಳಲ್ಲಿ ಆಭರಣಗಳನ್ನು ಧರಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ತುಗೀಸರ ಡೊಮಿಂಗೊ ಪಾಯೆಸನು ಮಹಾನವಮಿಯ ಉತ್ಸವದಲ್ಲಿ ಕಂಡ ಅರಮನೆಯ ಸ್ತ್ರೀಯರು ಒಡವೆಗಳ ಭಾರಕ್ಕೆ ನಡೆಯಲಾರದೆ ಇತರರ ಆಸರೆಯನ್ನು ಪಡೆದಿದ್ದರು. ಈ ಎರಡು ಬರಹಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಒಡವೆಯ ಬಯಕೆಯು ಯಾವ ಒಂದು ವರ್ಗದ ಸ್ವತ್ತಾಗಿರಲಿಲ್ಲ. ವರ್ಗವು ನಿರ್ಧರಿಸುತ್ತಿದ್ದುದು ಲೋಹವನ್ನು, ತೂಕವನ್ನು, ಅದು ಮೈಯ ಮೇಲೆ ಇರಬೇಕಾದ ಸ್ಥಾನವನ್ನು. ಇನ್ನು ಕನ್ನಡ ಭಾಷೆಯ ಸಾಕ್ಷ್ಯವನ್ನೂ ಗಮನಿಸಬಹುದು. ಹೊನ್ನು ಎಂದರೆ ಲೋಹವೂ ಹೌದು, ನಾಣ್ಯವೂ ಹೌದು. ನಾವಿಂದು ಕಾಗದದ ನೋಟಿಗೂ ಹೇಳುವ ಹಣವೆಂಬ ಶಬ್ದವು ಒಂದು ಕಾಲದಲ್ಲಿ ಕಿರುಬೆರಳಿನ ತುದಿಗೆ ಅಂಟುವಷ್ಟು ಚಿಕ್ಕದಾದ ಚಿನ್ನದ ನಾಣ್ಯದ ಹೆಸರಾಗಿದ್ದಿತು.

ನಾಣ್ಯಕ್ಕೂ ಒಡವೆಗೂ ನಡುವಣ ಗೋಡೆ ತೆಳುವಾದುದೆಂಬುದಕ್ಕೆ ಕಾಸಿನ ಸರಕ್ಕಿಂತ ಬೇರೆ ಸಾಕ್ಷಿ ಬೇಡ. ಬ್ರಿಟಿಷರ ಸವರನ್ ನಾಣ್ಯವು 22 ಕ್ಯಾರಟ್ಟಿನದು, ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಮೆ. 1918ರ ಒಂದು ವರ್ಷ ಅದನ್ನು ಮುಂಬಯಿಯಲ್ಲಿಯೇ ಟಂಕಿಸಿದ್ದುಂಟು. ದಕ್ಷಿಣ ಕನ್ನಡದ ಮನೆಗಳಲ್ಲಿ ಇಂದಿಗೂ ಚಿನ್ನವನ್ನು ಅಳೆಯುವುದು ಎಂಟು ಗ್ರಾಮಿನ ಪವನಿನಿಂದ; ರಾಜಮನೆತನ ಹೋಗಿ ಅದರ ನಾಣ್ಯವು ನಮ್ಮ ಹೆಣ್ಣುಮಕ್ಕಳ ಕೊರಳಿನ ಅಳತೆಗೋಲಾಗಿ ಉಳಿದುಕೊಂಡಿದೆ.

ಒಡವೆಯ ಹೆಸರನ್ನು ಕೇಳಿ ಮನೆತನದ ಊರನ್ನು, ತೂಕವನ್ನು ಕೇಳಿ ಅಂತಸ್ತನ್ನು ಹೇಳಬಹುದಾದ ಕಾಲವೊಂದಿದ್ದಿತು. ಧಾರವಾಡ-ವಿಜಾಪುರಗಳ ಕಡೆ ಬೋರಮಾಳ, ಟೀಕೆ, ಪಾಟ್ಲಿ, ಬಿಲ್ವಾರಗಳಾದರೆ ಹಳೆಯ ಮೈಸೂರಿನಲ್ಲಿ ಕಾಸಿನ ಸರ, ಅಡ್ಡಿಕೆ, ವಂಕಿ, ಜಡೆಬಿಲ್ಲೆ. ಕೊಡಗಿನಲ್ಲಿ ಜೋಮಾಲೆ, ಪತ್ತಾಕು. ಕರಾವಳಿಯಲ್ಲಿ ಕರಿಮಣಿ, ಪವನಿನ ಸರ. ಅಂತಸ್ತಿನ ಮೆಟ್ಟಿಲುಗಳೂ ಅಷ್ಟೇ ಸ್ಪಷ್ಟವಾಗಿದ್ದುವು. ಸಿರಿವಂತರ ಮನೆಯ ಡಾಬು ಚಿನ್ನದ್ದು, ಒಕ್ಕಲಿನ ಮನೆಯದು ಬೆಳ್ಳಿಯದು. ಗಟ್ಟಿ ಗುಂಡಿನ ಸರವನ್ನು ಮಾಡಿಸಲಾರದವರಿಗೆ ಒಳಗೆ ಅರಗು ತುಂಬಿದ ಪೊಳ್ಳು ಗುಂಡುಗಳು ಇದ್ದುವು; ದೂರದಿಂದ ನೋಡುವ ನೆಂಟರಿಗೆ ಎರಡೂ ಒಂದೇ. ಅದಕ್ಕೂ ಕೆಳಗೆ ತಾಳಿಯ ಎರಡು ಗುಂಡು ಮಾತ್ರ ಚಿನ್ನ, ಉಳಿದುದು ಬೆಳ್ಳಿ, ಹಿತ್ತಾಳೆ. ಕಾಲಿಗೆ ಚಿನ್ನವನ್ನು ಹಾಕಬಾರದೆಂಬ ನಂಬಿಕೆ ಎಲ್ಲರಲ್ಲಿಯೂ ಇದ್ದಿತು. ಬಡವರು ಅದನ್ನು ಪಾಲಿಸುವುದಕ್ಕೆ ಕಷ್ಟಪಡಬೇಕಾಗಿರಲಿಲ್ಲ.

ಬೆಳ್ಳಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಅವಶ್ಯ. ಒಂದು ವರ್ಗವು ಯಾವ ಲೋಹವನ್ನು ಕೊಂಡಿತೆಂಬುದು ಬರಿಯ ರುಚಿಯ ಪ್ರಶ್ನೆಯಲ್ಲ. ಕಷ್ಟ ಬಂದಾಗ ಆ ವರ್ಗಕ್ಕೆ ಏನಾಯಿತೆಂಬುದು ಅದರ ಮೇಲೆಯೇ ನಿಂತಿದೆ. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅಳಿಯಿತು. ಅದೇ ಕಾಲದಲ್ಲಿ ಬರಪೀಡಿತ ಪ್ರಾಂತಗಳ ಬೆಳ್ಳಿಯ ಒಡವೆಗಳು ಕರಗುವುದಕ್ಕಾಗಿ ಮುಂಬಯಿಯ ಟಂಕಸಾಲೆಗೆ ರಾಶಿರಾಶಿಯಾಗಿ ಬಂದುವು. ಕಡಗವೂ ಡಾಬೂ ಜೋಳವಾದುವು. ಜೋಳ ಮುಗಿದ ಮೇಲೆ ಉಳಿದುದು ಏನೂ ಇಲ್ಲ. ಆದರೂ ಅಂದು ಬೆಳ್ಳಿಗೆ ಒಂದು ಬಲವಿದ್ದಿತು. ಯಾರು ಬೇಕಾದರೂ ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು ರೂಪಾಯಿಯಾಗಿ ಪಡೆಯಬಹುದಾಗಿದ್ದಿತು. 1893ರ ಜೂನ್ ತಿಂಗಳಲ್ಲಿ ಸರ್ಕಾರವು ಆ ಬಾಗಿಲನ್ನು ಮುಚ್ಚಿತು. ರೂಪಾಯಿಯ ಬೆಲೆಯನ್ನು ಎತ್ತಿಹಿಡಿಯುವುದು ಅದರ ಉದ್ದೇಶ. ಲಂಡನ್ನಿಗೆ ಸ್ಟರ್ಲಿಂಗಿನಲ್ಲಿ ಸಲ್ಲಬೇಕಾದ ವೆಚ್ಚದ ಭಾರ ಇಳಿಯಬೇಕಾಗಿದ್ದಿತು. ಮರುದಿನದಿಂದ ಬಡವಳ ಕಾಲ್ಗಡಗದ ಬೆಳ್ಳಿ ಬೇರೆ, ರೂಪಾಯಿಯ ಬೆಳ್ಳಿ ಬೇರೆ ಆಯಿತು. ಅದೇ ಲೋಹ, ಅದೇ ತೂಕ. ಬೆಲೆ ಮಾತ್ರ ಕಡಮೆ. ಹಣಕಾಸಿನ ಗ್ರಂಥಗಳಲ್ಲಿ ಈ ಘಟನೆ ವಿನಿಮಯ ದರದ ಅಧ್ಯಾಯದಲ್ಲಿ ಬರುತ್ತದೆ. ಅದು ಬರಬೇಕಾದ ಮತ್ತೊಂದು ಅಧ್ಯಾಯ ಬಡವರ ಉಳಿತಾಯದ್ದು. ಮುಂದಿನ ತಲೆಮಾರುಗಳಲ್ಲಿ, ಸ್ವಲ್ಪ ಕೈಗೂಡಿದ ಒಕ್ಕಲು ಮನೆಗಳು ಬೆಳ್ಳಿಯಿಂದ ಚಿನ್ನಕ್ಕೆ ಏರಿದುದರಲ್ಲಿ ಮೇಲಿನವರ ಅನುಕರಣೆ ಎಷ್ಟು, ಈ ಅನುಭವದ ಪಾಠ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಈಗ ಮನೆಯ ಒಳಗೆ ಬರೋಣ. ಚಿನ್ನದ ಕೊಳ್ಳುವಿಕೆಗೆ ಒಂದು ಪಂಚಾಂಗವಿದೆ; ಅದು ಪೇಟೆಯ ಧಾರಣೆಯದಲ್ಲ, ಕುಟುಂಬದ್ದು. ಹೆಣ್ಣುಕೂಸು ಹುಟ್ಟಿ, ಕಿವಿ ಚುಚ್ಚುವ ಹೊತ್ತಿಗೆ ಸೋದರಮಾವನ ಕಡೆಯಿಂದ ಒಂದು ಜೊತೆ ಮುರುವು ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಯಲ್ಲಿ, ಅಡಕೆಯ ಹಣವೋ ರಾಗಿಯ ಹಣವೋ ಕೈಗೆ ಬಂದಾಗ, ಸಾಲ ತೀರಿ ಏನಾದರೂ ಮಿಕ್ಕಿದರೆ, ಒಂದು ಕಾಸು, ಎರಡು ಗುಂಡು ಸೇರುತ್ತ ಹೋಗುತ್ತವೆ. ಮದುವೆಗೆ ತವರಿನವರು ಹಾಕುವುದೆಷ್ಟು, ಗಂಡಿನ ಕಡೆಯವರು ತರುವುದೆಷ್ಟು ಎಂಬುದು ಮಾತುಕತೆಯ ದಿನವೇ ನಿಶ್ಚಯವಾಗುತ್ತದೆ. ಆ ಮಾತಿನಲ್ಲಿ ಕೊಳ್ಳುವ ಗಂಡಸರ ದನಿಯೇ ಕೇಳಿಸಿದರೂ, ತೀರ್ಮಾನ ಒಳಮನೆಯದು. “ದೊಡ್ಡವಳಿಗೆ ಹಾಕಿದ್ದಕ್ಕಿಂತ ಒಂದೆಳೆ ಕಡಮೆಯಾದರೆ ನಾಳೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ?” ಎಂದು ಅಜ್ಜಿ ಕೇಳಿದ ಮೇಲೆ ಯಾವ ಯಜಮಾನನೂ ಲೆಕ್ಕದ ಪುಸ್ತಕವನ್ನು ತೋರಿಸಿದುದಿಲ್ಲ. ಮನೆಯ ಅಕ್ಕಸಾಲಿಗನು ಜಗಲಿಯಲ್ಲಿ ಕುಳಿತು ಎಲ್ಲರ ಕಣ್ಣೆದುರಿಗೆ ಚಿನ್ನವನ್ನು ಕರಗಿಸುತ್ತಿದ್ದನು. ಅಕ್ಕನ ಚಿನ್ನದಲ್ಲಿಯೂ ಅವನು ಗುಂಜಿಯಷ್ಟನ್ನು ಉಳಿಸಿಕೊಳ್ಳುವನೆಂದು ಗಾದೆಗಳು ಹೇಳಿದರೂ, ಅವನ ತಂದೆಯು ತಮ್ಮ ತಾಯಿಯ ಒಡವೆಗಳನ್ನು ಮಾಡಿದ್ದನೆಂಬ ನಂಬಿಕೆ ಗಾದೆಗಿಂತ ದೊಡ್ಡದಾಗಿದ್ದಿತು. ಇದು ಅಂಗಡಿ-ಗಿರಾಕಿಯ ಸಂಬಂಧವಲ್ಲ. 1963ರ ಕಟ್ಟಳೆ ಮುರಿದುದು ಈ ಸಂಬಂಧವನ್ನು. ಅಕ್ಷಯ ತದಿಗೆಯ ದಿನ ಚಿನ್ನ ಕೊಳ್ಳಲೇಬೇಕೆಂದು ದೊಡ್ಡ ಅಂಗಡಿಗಳು ಸಾರುವ ಈಚಿನ ‘ಸಂಪ್ರದಾಯ’ವು ಅದರ ಜಾಗದಲ್ಲಿ ಬಂದು ಕುಳಿತಿದೆ.

ಹಾಗಾದರೆ ಈ ಚಿನ್ನ ಯಾರದು? ಈ ಪ್ರಶ್ನೆಗೆ ಭಾರತದ ಬಹುಭಾಗದಲ್ಲಿ ಪ್ರಮಾಣವಾದ ಉತ್ತರವನ್ನು ಬರೆದವನು ಕನ್ನಡ ನೆಲದಲ್ಲಿ ಕುಳಿತು ಬರೆದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ರಚಿಸಿದ ಮಿತಾಕ್ಷರ ವ್ಯಾಖ್ಯಾನದಲ್ಲಿ ಸ್ತ್ರೀಧನದ ಎಲ್ಲೆಯನ್ನು ಹಿಗ್ಗಿಸಿದನು. ತಂದೆ ತಾಯಿ ಗಂಡ ಸೋದರರು ಕೊಟ್ಟುದು ಮಾತ್ರವೇ ಅಲ್ಲ. ದಾಯವಾಗಿ, ಕ್ರಯದಿಂದ, ವಿಭಾಗದಿಂದ ಸ್ತ್ರೀಗೆ ಬಂದುದೂ ಸ್ತ್ರೀಧನವೇ ಎಂಬುದು ಅವನ ಮತ. ಏಳೆಂಟು ಶತಮಾನಗಳ ಅನಂತರ ಲಂಡನ್ನಿನ ಪ್ರಿವಿ ಕೌನ್ಸಿಲು ಈ ವಿಶಾಲವಾದ ಅರ್ಥವನ್ನು ಸಂಕೋಚಗೊಳಿಸಿದುದು ನ್ಯಾಯಚರಿತ್ರೆಯ ವಿಪರ್ಯಾಸಗಳಲ್ಲಿ ಒಂದು. ಆದರೆ ಅದೇ ಸ್ಮೃತಿಯಲ್ಲಿ ಒಂದು ಕಿಂಡಿಯೂ ಇದೆ. ದುರ್ಭಿಕ್ಷದಲ್ಲಿ, ಧರ್ಮಕಾರ್ಯಕ್ಕಾಗಿ, ರೋಗದಲ್ಲಿ, ಸೆರೆಯಲ್ಲಿ ಸಿಕ್ಕಿಬಿದ್ದಾಗ ಗಂಡನು ತೆಗೆದುಕೊಂಡ ಸ್ತ್ರೀಧನವನ್ನು ಹಿಂದಿರುಗಿಸಬೇಕಾಗಿಲ್ಲ. ಕುಟುಂಬವೆಂಬ ವ್ಯವಸ್ಥೆಯ ಪೂರ್ಣ ಸ್ವರೂಪ ಈ ಕಿಂಡಿಯಲ್ಲಿ ಕಾಣುತ್ತದೆ. ಚಿನ್ನ ಅವಳದು, ಕಷ್ಟ ಬಂದ ದಿನ ಎಲ್ಲರದು. ಯಾವುದು ಕಷ್ಟವೆಂದು ಹೇಳುವವನು ಅವನು.

ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ಒಡವೆ ವಸ್ತ್ರಗಳನ್ನು ಸ್ತ್ರೀಧನದ ವಿವರಣೆಯಲ್ಲಿ ಹೆಸರಿಸಿ ಸೇರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಸ್ತ್ರೀಯ ಸ್ವತ್ತಿನ ಮೇಲೆ ಅವಳ ಪೂರ್ಣ ಒಡೆತನವನ್ನು ದೇಶಕ್ಕೆಲ್ಲ ಅನ್ವಯಿಸಿತು. ಗಂಡನ ವಶದಲ್ಲಿಟ್ಟ ಸ್ತ್ರೀಧನವನ್ನು ಅವನು ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಲು 1985 ಬರಬೇಕಾಯಿತು. ಕಾನೂನು ಬಹಳ ದೂರ ನಡೆದಿದೆ. ಬೀರುವಿನ ಬೀಗದಕೈ ಅಷ್ಟೇ ದೂರ ನಡೆದಿದೆಯೆ ಎಂಬುದು ಬೇರೆ ಪ್ರಶ್ನೆ.

ಈ ‘ಕಷ್ಟದ ದಿನ’ವು ಒಮ್ಮೆಗೇ ದೇಶಕ್ಕೆಲ್ಲ ಬಂದುದು 1931ರಲ್ಲಿ. 1929ರಿಂದ ಬೆಳೆಗಳ ಬೆಲೆ ಕುಸಿಯುತ್ತ ಅರ್ಧದ ಹತ್ತಿರಕ್ಕೆ ಬಂದಿದ್ದಿತು. ಕಂದಾಯವನ್ನೂ ಸಾಲದ ಬಡ್ಡಿಯನ್ನೂ ಮೊದಲಿನಷ್ಟೇ ರೂಪಾಯಿಗಳಲ್ಲಿ ತೆರಬೇಕಾಗಿದ್ದಿತು. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ನು ಸ್ವರ್ಣಮಾನವನ್ನು ಕೈಬಿಟ್ಟಿತು. ರೂಪಾಯಿಯನ್ನು ಒಂದು ಷಿಲಿಂಗ್ ಆರು ಪೆನ್ಸಿನಂತೆ ಸ್ಟರ್ಲಿಂಗಿಗೆ ಕಟ್ಟಿಹಾಕಿದ್ದುದರಿಂದ, 1927ರ ಕಾಯಿದೆಯ ಪ್ರಕಾರ ತೊಲಕ್ಕೆ 21 ರೂಪಾಯಿ 3 ಆಣೆ 10 ಪೈಯಷ್ಟಿದ್ದ ಚಿನ್ನದ ಬೆಲೆ ಕೆಲವೇ ತಿಂಗಳುಗಳಲ್ಲಿ 30 ರೂಪಾಯಿಯ ಸುತ್ತಿಗೆ ಏರಿತು. ಹಳ್ಳಿಗಳಿಂದ ಚಿನ್ನ ಹೊರಟಿತು. ಶತಮಾನಗಳಿಂದ ಚಿನ್ನವನ್ನು ಒಳಗೆಳೆದುಕೊಳ್ಳುತ್ತಿದ್ದ ದೇಶವು ಮುಂದಿನ ಏಳೆಂಟು ವರ್ಷಗಳಲ್ಲಿ 300 ಕೋಟಿ ರೂಪಾಯಿಗೂ ಮೀರಿದ ಚಿನ್ನವನ್ನು, ಬಹುಮಟ್ಟಿಗೆ ಮುಂಬಯಿ ಬಂದರಿನ ಮೂಲಕ, ಹೊರಕ್ಕೆ ಕಳುಹಿಸಿತು. ಜನರು ಏರಿದ ಬೆಲೆಯ ಲಾಭವನ್ನು ಪಡೆಯುತ್ತಿದ್ದಾರೆಂದು ಸರ್ಕಾರದ ಪಕ್ಷದವರು ಹೇಳಿದರು. ಅದು ಸಂಕಟದ ಚಿನ್ನವೆಂದು ರಾಷ್ಟ್ರೀಯ ಪಕ್ಷದವರು ಹೇಳಿದರು. ಎರಡರಲ್ಲಿಯೂ ಸತ್ಯಾಂಶವಿದೆ. ಪೇಟೆಯ ವರ್ತಕನು ಮಾರಿದುದು ಲಾಭಕ್ಕೆ. ಒಕ್ಕಲಿಗನು ಮಾರಿದುದು ಕಂದಾಯಕ್ಕೆ. ಒಂದೇ ಹಡಗಿನಲ್ಲಿ ಹೋದ ಒಂದೇ ಲೋಹದಲ್ಲಿ ಎರಡು ವರ್ಗಗಳ ಎರಡು ಕಥೆಗಳು ಇದ್ದುವು. 1877ರಲ್ಲಿ ಬೆಳ್ಳಿಯವರು ಕಳೆದುಕೊಂಡುದನ್ನು 1931ರಲ್ಲಿ ಚಿನ್ನದವರು ಕಳೆದುಕೊಂಡರು. ಆ ಚಿನ್ನದಲ್ಲಿ ಬಹುಪಾಲು ಹೆಂಗಸರ ಮೈಮೇಲಿನದೇ ಆಗಿದ್ದರೂ ಅವರ ಅಭಿಪ್ರಾಯವನ್ನು ಯಾವ ಪಕ್ಷವೂ ಕೇಳಿದಂತಿಲ್ಲ.

ಮಾರುವುದಕ್ಕೂ ಇಟ್ಟುಕೊಳ್ಳುವುದಕ್ಕೂ ನಡುವೆ ಮೂರನೆಯ ದಾರಿಯೊಂದಿದೆ, ಒತ್ತೆಯಿಡುವುದು. ಊರಿನ ಸಾಹುಕಾರನ ಬಳಿ ಒತ್ತೆಯಿಟ್ಟ ಒಡವೆ ಹಿಂದಿರುಗಿ ಬರುವುದು ದೈವಕೃಪೆ. ದಕ್ಷಿಣ ಕನ್ನಡದಲ್ಲಿ ಈ ಶತಮಾನಗಳ ರೂಢಿಯನ್ನು ಬ್ಯಾಂಕಿನ ಕಟ್ಟಡದೊಳಕ್ಕೆ ತಂದವರು ಬೆರಳೆಣಿಕೆಯ ದೂರದರ್ಶಿಗಳು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ, 1925ರಲ್ಲಿ ಟಿ. ಎಂ. ಎ. ಪೈ ಮೊದಲಾದವರು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನೂ ಸ್ಥಾಪಿಸಿದರು. ಈ ಬ್ಯಾಂಕುಗಳ ನಾಡಿನಲ್ಲಿ ಒಡವೆಯ ಮೇಲಿನ ಸಾಲವು ಅವಮಾನದ ವಿಷಯವಾಗಿ ಉಳಿಯಲಿಲ್ಲ. ಮಳೆಗಾಲದಲ್ಲಿ ಇಟ್ಟು ಸುಗ್ಗಿಯಲ್ಲಿ ಬಿಡಿಸಿಕೊಳ್ಳುವುದು ಬೇಸಾಯದ ಒಂದು ಅಂಗವೇ ಆಯಿತು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯೂ ಇದೇ ಬುದ್ಧಿಯ ಮತ್ತೊಂದು ಫಲ. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಕೂಡಿಸುವ ಏರ್ಪಾಡದು. ಒಂದು ಕಾಸು, ಎರಡು ಗುಂಡು ಎಂದು ಸೇರಿಸುತ್ತಿದ್ದ ಮನೆಗೆ ಅದರ ರೀತಿ ಹೊಸದೆನಿಸಲಿಲ್ಲ. ಸರ್ಕಾರವು ಕುಟುಂಬದ ಅಭ್ಯಾಸವನ್ನು ಬದಲಾಯಿಸಹೊರಟು ಸೋತಿತು. ಈ ಬ್ಯಾಂಕುಗಳು ಅದೇ ಅಭ್ಯಾಸದ ಬೆನ್ನೇರಿ ಬೆಳೆದುವು. ಇಂದು ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಎಂಬ ಹೆಸರುಗಳಿಲ್ಲ. 2020ರ ಏಪ್ರಿಲಿನಲ್ಲಿ ಅವು ಬೇರೆ ಬ್ಯಾಂಕುಗಳಲ್ಲಿ ಲೀನವಾದುವು.

ಆ ಜಿಲ್ಲೆಯಿಂದ ಹೋಟೆಲಿನ ಕೆಲಸಕ್ಕಾಗಿಯೋ ಗುಮಾಸ್ತೆಯ ಕೆಲಸಕ್ಕಾಗಿಯೋ ಮುಂಬಯಿಗೆ ಬಂದವರ ಕುಟುಂಬಗಳಲ್ಲಿ ಚಿನ್ನದ ಅರ್ಥ ಇನ್ನೊಂದು ಪದರವನ್ನು ಪಡೆಯಿತು. ಊರಿನಲ್ಲಿ ಮನೆತನದ ಹೆಸರಿದ್ದಿತು, ಗದ್ದೆಯಿದ್ದಿತು, ಇಂಥವರ ಮಗನೆಂದು ಗುರುತಿಸುವ ನಾಲ್ಕು ಜನರಿದ್ದರು. ಚಾಳಿನ ಒಂದು ಕೋಣೆಯಲ್ಲಿ ಇವು ಯಾವುವೂ ಇಲ್ಲ. ಬಾಡಿಗೆಯ ಕೋಣೆಯು ಯಾರ ಅಂತಸ್ತನ್ನೂ ಹೇಳದು. ಅಂತಸ್ತೆಂಬುದು ಒಯ್ಯಬಲ್ಲ ರೂಪದಲ್ಲಿ ಉಳಿದುದು ಕೊರಳು-ಕೈಗಳ ಚಿನ್ನದಲ್ಲಿ ಮಾತ್ರ. ಅಲ್ಲದೆ ಆ ಚಿನ್ನಕ್ಕೆ ಪ್ರೇಕ್ಷಕರು ಇದ್ದುದು ಮುಂಬಯಿಯಲ್ಲಲ್ಲ. ಝವೇರಿ ಬಜಾರಿನಲ್ಲಿ ಕೊಂಡ ಸರವನ್ನು ನೋಡಬೇಕಾದವರು ಮೇ ತಿಂಗಳ ರಜೆಯಲ್ಲಿ ಊರಿನ ಮದುವೆಗೆ ಬರುವ ಚಿಕ್ಕಮ್ಮ ದೊಡ್ಡಮ್ಮಂದಿರು. ಮನುಷ್ಯನ ವೆಚ್ಚವು ಅವನ ಆದಾಯಕ್ಕಿಂತ ಹೆಚ್ಚಾಗಿ ಅವನು ತನ್ನನ್ನು ಯಾರೊಡನೆ ಹೋಲಿಸಿಕೊಳ್ಳುತ್ತಾನೆ ಎಂಬುದನ್ನು ಅವಲಂಬಿಸಿದೆ ಎಂದು 1949ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸನ್‌ಬೆರಿ ವಾದಿಸಿದನು. ವಲಸೆಗಾರನ ವಿಷಯದಲ್ಲಿ ಈ ಮಾತಿಗೆ ಒಂದು ತಿದ್ದುಪಡಿ ಬೇಕು: ಅವನು ಬದುಕುವುದು ಒಂದು ನೆರೆಹೊರೆಯಲ್ಲಿ, ಹೋಲಿಸಿಕೊಳ್ಳುವುದು ಮತ್ತೊಂದರಲ್ಲಿ.

ಮತ್ತೆ 1963ಕ್ಕೆ ಹಿಂದಿರುಗೋಣ. ನಿಯಂತ್ರಣಕ್ಕೆ ಎರಡು ತಿಂಗಳು ಮೊದಲು, 1962ರ ನವೆಂಬರಿನಲ್ಲಿ, ಸರ್ಕಾರವು ಶೇಕಡ ಆರೂವರೆ ಬಡ್ಡಿಯ ಸ್ವರ್ಣ ಬಾಂಡುಗಳನ್ನು ಹೊರಡಿಸಿದ್ದಿತು. ಬಂದ ಚಿನ್ನ ಸುಮಾರು 16 ಟನ್ನು. ಇದಕ್ಕೆ ಕುಟುಂಬದ ಭಾವನೆಯೊಂದೇ ಕಾರಣವೆಂದರೆ ತಪ್ಪಾಗುತ್ತದೆ. ಪೇಟೆಯಲ್ಲಿ ತೊಲಕ್ಕೆ 120 ರೂಪಾಯಿಯ ಆಸುಪಾಸಿನಲ್ಲಿ ಬೆಲೆಯಿದ್ದಾಗ ಬಾಂಡಿಗಾಗಿ ಸರ್ಕಾರ ಕಟ್ಟಿದುದು ಅಂತರರಾಷ್ಟ್ರೀಯ ದರದ ಅರುವತ್ತೆರಡೂವರೆ ರೂಪಾಯಿ. ಆ ವ್ಯಾಪಾರಕ್ಕೆ ಬುದ್ಧಿಯುಳ್ಳ ಯಾರೂ ಒಪ್ಪುವಂತಿರಲಿಲ್ಲ. ಆದರೆ ಬೆಲೆಯನ್ನು ಸರಿಪಡಿಸಿದ ಮೇಲೆಯೂ ಕಥೆ ಬಹಳ ಬದಲಾಗಲಿಲ್ಲ. 2015ರ ನವೆಂಬರಿನಲ್ಲಿ ಬಂದ ಸ್ವರ್ಣ ನಗದೀಕರಣ ಯೋಜನೆಯು ಪೇಟೆಯ ಬೆಲೆಯನ್ನು ಒಪ್ಪಿ, ಬಡ್ಡಿಯನ್ನೂ ಕೊಟ್ಟಿತು. ಷರತ್ತು ಒಂದೇ: ಒಡವೆಯನ್ನು ಕರಗಿಸಬೇಕು, ಅವಧಿ ಮುಗಿದಾಗ ಹಿಂದಕ್ಕೆ ಬರುವುದು ಗಟ್ಟಿ ಅಥವಾ ಹಣ, ಅದೇ ಸರವಲ್ಲ. ಭಾರತೀಯ ಮನೆಗಳಲ್ಲಿರುವ ಚಿನ್ನ ಸುಮಾರು 25,000 ಟನ್ನೆಂದು ಅಂದಾಜುಗಳಿವೆ. ಕುಟುಂಬಗಳ ಆಸ್ತಿಯಲ್ಲಿ ನೂರಕ್ಕೆ 11 ಪಾಲು ಚಿನ್ನ, 5 ಪಾಲು ಮಾತ್ರ ಹಣಕಾಸಿನ ಪತ್ರಗಳು ಎಂದು ರಿಸರ್ವ್ ಬ್ಯಾಂಕು ನೇಮಿಸಿದ್ದ ಸಮಿತಿಯೊಂದು 2017ರಲ್ಲಿ ವರದಿಮಾಡಿತು. ಅಷ್ಟು ದೊಡ್ಡ ಕಣಜದಿಂದ ಆ ಯೋಜನೆಗೆ ಬಂದುದು ಹಿಡಿಕಾಳು. 2025ರ ಮಾರ್ಚಿನಲ್ಲಿ ಅದರ ಮಧ್ಯಮ ಮತ್ತು ದೀರ್ಘ ಅವಧಿಯ ಭಾಗಗಳನ್ನು ನಿಲ್ಲಿಸಲಾಯಿತು. ಅದೇ ಗೃಹಿಣಿಯು ಅದೇ ಸರವನ್ನು ಒತ್ತೆಯಿಡಲು ಹಿಂಜರಿಯುವುದಿಲ್ಲ. ಬೀಗಮುದ್ರೆಯ ಚೀಲದಲ್ಲಿ ಹೋದುದು ಅದೇ ಚೀಲದಲ್ಲಿ ಹಿಂದಿರುಗುತ್ತದೆ.

ಸರ್ಕಾರವು ಕ್ರಮೇಣ ಕುಟುಂಬವನ್ನು ಗುರುತಿಸಲು ಕಲಿತ ಬಗೆಯೂ ಕುತೂಹಲಕರವಾಗಿದೆ. 1968ರ ಸ್ವರ್ಣ ನಿಯಂತ್ರಣ ಕಾಯಿದೆಯು ಘೋಷಣೆಯಿಲ್ಲದೆ ಇಟ್ಟುಕೊಳ್ಳಬಹುದಾದ ಆಭರಣದ ಮಿತಿಯನ್ನು ಒಬ್ಬ ವ್ಯಕ್ತಿಗೆ 2,000 ಗ್ರಾಮು, ಕುಟುಂಬಕ್ಕೆ 4,000 ಗ್ರಾಮು ಎಂದು ವಿಧಿಸಿತು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು, ಇಷ್ಟೇ ಆ ಕಾಯಿದೆ ಕಂಡ ಕುಟುಂಬ; ಒಡವೆಗಳ ನಿಜವಾದ ಒಡತಿಯಾದ ಅಜ್ಜಿಗೆ ಅದರಲ್ಲಿ ಸ್ಥಳವಿರಲಿಲ್ಲ. 1990ರ ಜೂನಿನಲ್ಲಿ ಆ ಕಾಯಿದೆ ರದ್ದಾಯಿತು. ನಾಲ್ಕು ವರ್ಷಗಳ ಮೇಲೆ, 1994ರ ಮೇ 11ರಂದು, ಆದಾಯ ತೆರಿಗೆಯ ಕೇಂದ್ರ ಮಂಡಲಿಯು ಶೋಧನೆಗೆ ಹೋಗುವ ತನ್ನ ಅಧಿಕಾರಿಗಳಿಗೆ ಒಂದು ಸೂಚನೆಯನ್ನು ಕಳುಹಿಸಿತು. ವಿವಾಹಿತ ಸ್ತ್ರೀಗೆ 500 ಗ್ರಾಮು, ಅವಿವಾಹಿತೆಗೆ 250 ಗ್ರಾಮು, ಪುರುಷನಿಗೆ 100 ಗ್ರಾಮಿನವರೆಗಿನ ಚಿನ್ನದ ಒಡವೆಗಳನ್ನು ಜಪ್ತಿಮಾಡಬೇಕಾಗಿಲ್ಲ. ಕುಟುಂಬದ ಅಂತಸ್ತು, ಅದು ಸೇರಿದ ಸಮುದಾಯದ ರೂಢಿ ಆಚಾರಗಳು ಇವನ್ನು ಪರ್ಯಾಲೋಚಿಸಿ ಇದಕ್ಕೂ ಹೆಚ್ಚಿನದನ್ನು ಬಿಡುವ ವಿವೇಚನೆಯನ್ನೂ ಅಧಿಕಾರಿಗೆ ಕೊಡಲಾಯಿತು. ಮೂವತ್ತೊಂದು ವರ್ಷಗಳ ಹಿಂದೆ ಯಾವುದನ್ನು ಮೌಢ್ಯವೆಂದು ಭಾವಿಸಿ ಅಳಿಸಹೊರಟಿತೋ ಅದನ್ನೇ ಸರ್ಕಾರವು ಗ್ರಾಮಿನ ಲೆಕ್ಕದಲ್ಲಿ ಬರೆದುಕೊಂಡಿತು.

ಈ ಇಡೀ ವಿವೇಚನೆಯಲ್ಲಿ ಕುಟುಂಬದ ಚಿನ್ನವು ಒಂದು ಆಸರೆಯಾಗಿ ಕಾಣಿಸಿಕೊಂಡಿದೆ. ಅದರ ಇನ್ನೊಂದು ಮುಖವನ್ನು ಮರೆಮಾಚಿದರೆ ಚರಿತ್ರೆಗೆ ಅಪಚಾರವಾದೀತು. ವರದಕ್ಷಿಣೆಯನ್ನು ನಿಷೇಧಿಸಿದ 1961ರ ಕಾಯಿದೆಯು ಉಡುಗೊರೆಯ ಒಡವೆಗೂ ಕೇಳಿ ಪಡೆದ ಒಡವೆಗೂ ನಡುವೆ ಗೆರೆಯೆಳೆಯಲು ಯತ್ನಿಸಿತು. ಮಾತುಕತೆಯ ದಿನ ಆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗಳು ಹುಟ್ಟಿದ ದಿನವೇ ಅವಳ ಮದುವೆಯ ಚಿನ್ನದ ಲೆಕ್ಕ ಆರಂಭವಾಗುವುದಾದರೆ, ಆ ದಿನದ ಧಾರಣೆಗೆ ಕೂಸಿನ ಹಣೆಬರಹದಲ್ಲಿ ಪಾಲಿರಬೇಕು. ಸೋನಿಯಾ ಭಲೋತ್ರ, ಅಭಿಷೇಕ್ ಚಕ್ರವರ್ತಿ, ಸೆಲಿಮ್ ಗುಲೆಶ್ಚಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಡ್ಡಿದರು. 1972ರಿಂದ 2005ರವರೆಗಿನ ಭಾರತದ ಜನನಗಳ ಮಾಹಿತಿಯನ್ನು ಅಂತರರಾಷ್ಟ್ರೀಯ ಚಿನ್ನದ ಬೆಲೆಯ ಜೊತೆಗಿಟ್ಟು ನೋಡಿ 2020ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ: ಚಿನ್ನದ ಬೆಲೆ ಏರಿದ ತಿಂಗಳಲ್ಲಿ ಹುಟ್ಟಿದ ಹೆಣ್ಣುಕೂಸುಗಳು ಮೊದಲನೆಯ ತಿಂಗಳನ್ನು ದಾಟಿ ಉಳಿಯುವ ಸಂಭವವು ಗಂಡುಕೂಸುಗಳಿಗೆ ಹೋಲಿಸಿದಾಗ ಕಡಮೆಯಾಗುತ್ತಿದ್ದಿತು. ಲಂಡನ್ನಿನಲ್ಲಿ ನಿಗದಿಯಾದ ಒಂದು ಅಂಕಿಯನ್ನು ಬಾಣಂತಿಯ ಕೋಣೆಯವರೆಗೆ ಒಯ್ದು ಮುಟ್ಟಿಸುತ್ತಿದ್ದುದು ಪೇಟೆಯಲ್ಲ, ಮನೆಯವರು.